ವಿಚ್ಛೇದನ: ಒಮ್ಮತವಿದ್ದರೂ ಸಲೀಸಲ್ಲದ ದಾರಿ

ಪತಿ-ಪತ್ನಿ ಮುನಿಸಿಕೊಂಡು ಬೇರೆ ಬೇರೆ ಮನೆಗಳಲ್ಲಿ ವಾಸಿಸತೊಡಗಿದರೂ ಕಾನೂನಿನ ದೃಷ್ಟಿಯಲ್ಲಿ ಅವರು ದಂಪತಿಗಳೇ. ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟವರು ನ್ಯಾಯಾಲಯದ ಡಿಕ್ರಿ ಇಲ್ಲದೆ ಮರುಮದುವೆಯಾಗುವಂತಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಚ್ಛೇದಿತರ ಸಂಖ್ಯೆ ಸುಮಾರು 13.6 ಲಕ್ಷ. ವಿಚ್ಛೇದನ ಪಡೆಯದೆ ಪ್ರತ್ಯೇಕವಾಗಿ ಬದುಕುತ್ತಿದ್ದವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಸಮಾಜದ ಭಯ, ಖರ್ಚಿನ ಅಂಜಿಕೆಯ ಜೊತೆಗೆ ಕಾನೂನಿನ ಅರಿವಿನ ಕೊರತೆಯೂ ಹಲವರನ್ನು ಈ ತ್ರಿಶಂಕು ಸ್ಥಿತಿಯಲ್ಲಿ ಉಳಿಸುತ್ತದೆ.

ಯಾರಿಗೆ ಯಾವ ಕಾಯ್ದೆ?

ಹಿಂದೂ, ಬೌದ್ಧ, ಜೈನ ಮತ್ತು ಸಿಖ್ಖರಿಗೆ 1955ರ ಹಿಂದೂ ವಿವಾಹ ಕಾಯ್ದೆ, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ನೋಂದಣಿ ಮೂಲಕ ಅಂತರಧರ್ಮೀಯ ವಿವಾಹವಾದವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಅನ್ವಯಿಸುತ್ತದೆ. ಮುಸ್ಲಿಂ ಮಹಿಳೆಯರು 1939ರ ಕಾಯ್ದೆಯಡಿ ನ್ಯಾಯಾಲಯದ ಮೊರೆ ಹೋಗಬಹುದು. ಒಂದೇ ಉಸಿರಿನಲ್ಲಿ ಹೇಳುವ ತ್ರಿವಳಿ ತಲಾಖ್ ಅನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಅಸಿಂಧುಗೊಳಿಸಿತು. 2019ರ ಕಾಯ್ದೆ ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿದೆ.

ಪರಸ್ಪರ ಸಮ್ಮತಿ

ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ ಸೆಕ್ಷನ್ 13-ಬಿ ಇಬ್ಬರೂ ಒಪ್ಪಿ ಬೇರೆಯಾಗಲು ಅವಕಾಶ ನೀಡುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಕನಿಷ್ಠ ಒಂದು ವರ್ಷ ಪ್ರತ್ಯೇಕವಾಗಿ ಬದುಕಿರಬೇಕು. ಮೊದಲ ಅರ್ಜಿಯ ನಂತರ ಆರು ತಿಂಗಳು ಕಾದು, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ಕೋರಿಕೆ ಇಡಬೇಕು.

ತೊಡಕು ಎದುರಾಗುವುದು ಈ ನಡುವಿನ ಅವಧಿಯಲ್ಲೇ. ಡಿಕ್ರಿಗೆ ಮುನ್ನ ಒಬ್ಬರು ಸಮ್ಮತಿ ಹಿಂಪಡೆದರೆ ನ್ಯಾಯಾಲಯ ವಿಚ್ಛೇದನ ನೀಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪಿತ್ತಿದೆ. ಹೀಗಾಗಿ ಹಣ, ಮನೆ, ಮಕ್ಕಳ ಪಾಲನೆಯ ಒಪ್ಪಂದವನ್ನು ಬಾಯಿಮಾತಿಗೆ ಬಿಡದೆ ಲಿಖಿತವಾಗಿ ನ್ಯಾಯಾಲಯದ ದಾಖಲೆಗೆ ಸೇರಿಸುವುದು ಅಗತ್ಯ. ರಾಜಿ ಯತ್ನ ವಿಫಲವಾಗಿ, ಎಲ್ಲ ವಿವಾದ ಇತ್ಯರ್ಥಗೊಂಡಿದ್ದು, ಒಂದೂವರೆ ವರ್ಷದ ಒಟ್ಟು ಅವಧಿ ಮೊದಲೇ ಕಳೆದಿದ್ದರೆ ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಒಬ್ಬರು ಒಪ್ಪದಿದ್ದರೆ

ಆಗ ಕ್ರೌರ್ಯ, ವ್ಯಭಿಚಾರ, ಎರಡು ವರ್ಷ ತ್ಯಜಿಸಿ ಹೋಗಿರುವುದು ಮುಂತಾದ ಆಧಾರಗಳನ್ನು ಸಾಕ್ಷ್ಯಸಹಿತ ಸಾಬೀತುಪಡಿಸಬೇಕು. ಸಾಮಾನ್ಯವಾಗಿ ಮದುವೆಯಾದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸುವಂತಿಲ್ಲ. ‘ಸರಿಪಡಿಸಲಾಗದಷ್ಟು ಮುರಿದ ಮದುವೆ’ ಎಂಬುದು ಇಂದಿಗೂ ಈ ಕಾಯ್ದೆಯಲ್ಲಿ ಆಧಾರವಲ್ಲ. ಸಂವಿಧಾನದ 142ನೇ ವಿಧಿಯಡಿ ಆ ಕಾರಣಕ್ಕೆ ವಿಚ್ಛೇದನ ನೀಡುವ ಅಧಿಕಾರ ತನಗಿದೆ ಎಂದು 2023ರ ಮೇ 1ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಸ್ಪಷ್ಟಪಡಿಸಿತು. ಕೌಟುಂಬಿಕ ನ್ಯಾಯಾಲಯಗಳಿಗೆ ಆ ಅಧಿಕಾರವಿಲ್ಲ.

ಜೀವನಾಂಶ, ಸ್ತ್ರೀಧನ

ಮೊಕದ್ದಮೆ ನಡೆಯುವಾಗಲೇ ಮಧ್ಯಂತರ ಜೀವನಾಂಶ ಕೋರಬಹುದು. ಹಿಂದೂ ವಿವಾಹ ಕಾಯ್ದೆಯಡಿ ಸ್ವಂತ ಆದಾಯವಿಲ್ಲದ ಪತಿಗೂ ಈ ಹಕ್ಕಿದೆ. ಇಬ್ಬರೂ ತಮ್ಮ ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು, ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕು ಎಂದು 2020ರ ತೀರ್ಪು ವಿಧಿಸಿದೆ. ಧರ್ಮಭೇದವಿಲ್ಲದೆ ಲಭ್ಯವಿದ್ದ ಅಪರಾಧ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 125ರ ಪರಿಹಾರ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144ರಲ್ಲಿದೆ. ತವರಿನಿಂದಲೋ ಬಂಧುಗಳಿಂದಲೋ ಉಡುಗೊರೆಯಾಗಿ ಬಂದ ಒಡವೆ, ವಸ್ತುಗಳು ಸ್ತ್ರೀಧನ. ಅವು ಸಂಪೂರ್ಣವಾಗಿ ಮಹಿಳೆಯ ಸ್ವತ್ತು.

ಮಕ್ಕಳು ಯಾರ ಬಳಿ?

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಆದರೆ ಅಂತಿಮವಾಗಿ ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನೇ ಹೊರತು ತಂದೆ-ತಾಯಿಯ ಹಟವನ್ನಲ್ಲ. ಜೊತೆಗಿಲ್ಲದ ಪೋಷಕರಿಗೆ ಭೇಟಿಯ ಅವಕಾಶ ಕಲ್ಪಿಸುವುದು ರೂಢಿ.

ವಿದೇಶಿ ಡಿಕ್ರಿ

ಉದ್ಯೋಗಕ್ಕಾಗಿ ಹೊರದೇಶದಲ್ಲಿ ನೆಲೆಸಿದವರು ಅಲ್ಲಿಯೇ ಪಡೆದ ವಿಚ್ಛೇದನ ಇಲ್ಲಿ ತಾನಾಗಿಯೇ ಊರ್ಜಿತವಾಗದು. ಇಲ್ಲಿನ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಇನ್ನೊಬ್ಬರ ಒಪ್ಪಿಗೆಯಾಗಲಿ ಹಾಜರಾತಿಯಾಗಲಿ ಇಲ್ಲದೆ ಸಿಕ್ಕ ಡಿಕ್ರಿಯನ್ನು ಭಾರತದ ನ್ಯಾಯಾಲಯಗಳು ಮಾನ್ಯ ಮಾಡುವುದಿಲ್ಲ ಎಂಬುದು 1991ರ ಮತ್ತೊಂದು ತೀರ್ಪಿನ ಸಾರ.

ನೆರವು ಎಲ್ಲಿ?

ಕೌಟುಂಬಿಕ ನ್ಯಾಯಾಲಯಗಳು 1984ರ ಕಾಯ್ದೆಯ ಫಲ. ಬೆಂಗಳೂರಿನಲ್ಲಿ ಇವು ‘ನ್ಯಾಯ ದೇಗುಲ’ ಕಟ್ಟಡದಲ್ಲಿವೆ. ವಿಚಾರಣೆಗೆ ಮುನ್ನ ರಾಜಿಗೆ ಯತ್ನಿಸುವುದು ಇವುಗಳ ಕರ್ತವ್ಯ. ಪತ್ನಿ ತಾನು ವಾಸವಿರುವ ಊರಿನಲ್ಲೇ ಅರ್ಜಿ ಸಲ್ಲಿಸಲು 2003ರ ತಿದ್ದುಪಡಿ ಅವಕಾಶ ಕೊಟ್ಟಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ವಕೀಲರ ನೆರವು ಲಭ್ಯ. ಜಿಲ್ಲಾ ಮತ್ತು ತಾಲ್ಲೂಕು ಕಾನೂನು ಸೇವೆಗಳ ಕಚೇರಿಗಳಲ್ಲಿ ಒಂದು ಅರ್ಜಿ ಸಲ್ಲಿಸಿದರೆ ಸಾಕು.