ಅಂಗಡಿಗೆ ನಿವೃತ್ತಿ ವಯಸ್ಸು ಎಷ್ಟು?

ಬ್ಯಾರಿಗಳ ಚರಿತ್ರೆ ಬರೆಯಲು ಕೂತವರಲ್ಲಿ ಹೆಚ್ಚಿನವರು ‘ಬ್ಯಾರ’ ಅಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಮಾತಿನಿಂದ ಶುರು ಮಾಡುತ್ತಾರೆ. ಅರಬರ ಹಡಗು, ಕರಿಮೆಣಸು, ಬಂದರು, ಸಂತೆ ಎಲ್ಲ ಬರುತ್ತದೆ. ಆದರೆ ಆ ವ್ಯಾಪಾರಿಗೆ ಮೊಣಕಾಲು ನೋವು ಶುರುವಾದ ಮೇಲೆ ಏನಾಯಿತು ಎಂದು ಯಾರೂ ಬರೆದದ್ದು ನಾನು ಓದಿಲ್ಲ. ಸರಕಾರಿ ನೌಕರನಿಗೆ ನಿವೃತ್ತಿಯ ದಿನ ಹಾರ ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ. ಅಂಗಡಿಯವನಿಗೆ ಅಂಥ ದಿನವೇ ಇಲ್ಲ. ಒಂದು ದಿನ ಬಾಗಿಲು ತೆರೆಯುವುದಿಲ್ಲ, ಅಷ್ಟೆ.

ನಾನು ಈ ವಿಷಯ ಯೋಚಿಸಲು ಶುರು ಮಾಡಿದ್ದು ಊರಿನಲ್ಲಿ ಅಲ್ಲ, ಆಂಧ್ರದ ಅನಂತಪುರ ಜಿಲ್ಲೆಯ ಬೆಳುಗುಪ್ಪದಲ್ಲಿ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನಗೆ ಅಲ್ಲಿ ಗಾಳಿಯಂತ್ರಗಳ ಮೆಂಟೆನೆನ್ಸ್ ಕೆಲಸ. ಊರವರಿಗೆ ನಾವು ‘ಫ್ಯಾನ್ ಕಂಪೆನಿಯವರು’. ರಾಯದುರ್ಗ, ಉರವಕೊಂಡ, ಬೆಳುಗುಪ್ಪ ಇದೆಲ್ಲ ಕಡಲೆಕಾಯಿ ಬೆಳೆಯುವ ಬಯಲು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ನಮ್ಮ ದಕ್ಷಿಣ ಕನ್ನಡದಲ್ಲಿ ಅಷ್ಟನ್ನು ಜೂನ್ ತಿಂಗಳೊಂದೇ ಮುಗಿಸಿಬಿಡುತ್ತದೆ. ಆದರೆ ಗಾಳಿಗೆ ಅಲ್ಲಿ ಬರ ಇಲ್ಲ.

ಅಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಸಿಕ್ಕಿದರು. ಹುಟ್ಟಿದ್ದು 1944ರಲ್ಲಿ, ರಾಯದುರ್ಗದ ಪಕ್ಕದ ಹಳ್ಳಿಯಲ್ಲಿ. ಕೊನೆಯ ಪೋಸ್ಟಿಂಗ್ ಬೆಳುಗುಪ್ಪ, ಅಲ್ಲೇ ಮನೆ ಕಟ್ಟಿಕೊಂಡರು. ನಾನು ಮಂಗಳೂರು ಕಡೆಯವನು ಎಂದು ತಿಳಿದದ್ದೇ ತೆಲುಗು ಬಿಟ್ಟು ಕನ್ನಡಕ್ಕೆ ಬಂದರು. ಅದು ಬಳ್ಳಾರಿ ಕನ್ನಡ. ಅವರು ಒಂದನೇ ಕ್ಲಾಸಿಗೆ ಸೇರಿದಾಗ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲೂಕು. ಕಲಿತದ್ದು ಕನ್ನಡ ಅಕ್ಷರ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯನ್ನು ಒಡೆದರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದವು, ರಾಯದುರ್ಗ ಅನಂತಪುರಕ್ಕೆ. “ನಾವೇನು ಎಲ್ಲೂ ಹೋಗ್ಲಿಲ್ಲಪ್ಪ, ಜಿಲ್ಲೆನೇ ನಮ್ಮನ್ನ ಬಿಟ್ಟು ಹೋತು” ಎಂದರು ಮೇಷ್ಟ್ರು.

ಕಾಸರಗೋಡು, ಮಂಜೇಶ್ವರದಲ್ಲಿ ಸಂಬಂಧಿಕರಿರುವ ನಮಗೆ ಈ ಮಾತು ವಿವರಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ಕ್ಕೆ ಅಲ್ಲಿ ಆದದ್ದೂ ಇದೇ. ಇನ್ನೊಂದು ನೆಂಟಸ್ತಿಕೆ ನಮ್ಮವರಿಗೆ ಅಷ್ಟಾಗಿ ನೆನಪಿಲ್ಲ. 1953ರವರೆಗೆ ನಮ್ಮ ಸೌತ್ ಕೆನರಾ, ಅವರ ಬಳ್ಳಾರಿ, ಅನಂತಪುರ ಎಲ್ಲ ಒಂದೇ ಮದ್ರಾಸಿನ ಕೆಳಗಿದ್ದವು. ಎರಡೂ ಕಡೆಗೆ ಕಂಪೆನಿ ಸರಕಾರದ ಮೊದಲ ಕಲೆಕ್ಟರ್ ಕೂಡ ಒಬ್ಬನೇ, ಥಾಮಸ್ ಮನ್ರೋ. 1799ರಲ್ಲಿ ಕೆನರಾಕ್ಕೆ ಬಂದ. ಇಲ್ಲಿ ಇರಲಾರೆ ಎಂದು ತಾನೇ ಕೇಳಿಕೊಂಡು, ನಿಜಾಮ ಬಿಟ್ಟುಕೊಟ್ಟ ಆ ಜಿಲ್ಲೆಗಳಿಗೆ 1800ರಲ್ಲಿ ಹೋದ. ಏಳು ವರ್ಷ ಅಲ್ಲಿ ಹಳ್ಳಿ ಹಳ್ಳಿ ತಿರುಗಿ ಜಮೀನು ಅಳೆಸಿದ. ಮುಂದೆ ಮದ್ರಾಸಿನ ಗವರ್ನರ್ ಆದ. ಕೊನೆಗೆ ರಾಜೀನಾಮೆ ಕೊಟ್ಟು, ಇಂಗ್ಲೆಂಡಿಗೆ ಹೊರಡುವ ಮೊದಲು ಹಳೆಯ ಜಿಲ್ಲೆಗಳನ್ನೊಮ್ಮೆ ನೋಡಿ ಬರುತ್ತೇನೆಂದು ಹೋದವನು 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾಕ್ಕೆ ತೀರಿಕೊಂಡ. ನಿವೃತ್ತಿಯ ಒಂದು ದಿನವೂ ಅವನಿಗೆ ಸಿಗಲಿಲ್ಲ.

ಗಡಿ ಎಳೆದಾಗ ಭಾಷೆಯ ಜಗಳವಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಆದರೆ ಮನುಷ್ಯ ಎಷ್ಟನೇ ವಯಸ್ಸಿಗೆ ಮುದುಕನಾಗುತ್ತಾನೆ ಎಂಬುದನ್ನೂ ಗಡಿಯೇ ತೀರ್ಮಾನ ಮಾಡುತ್ತದೆ. ಮೇಷ್ಟ್ರ ತಂದೆಯೂ ಮೇಷ್ಟ್ರೇ. 1983ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾದರು. ಫೆಬ್ರವರಿ 8ರಂದು ನಿವೃತ್ತಿ ವಯಸ್ಸನ್ನು 58ರಿಂದ 55ಕ್ಕೆ ಇಳಿಸಿದ ಆದೇಶ ಬಂತು. ಯುವಕರಿಗೆ ಕೆಲಸ ಸಿಗಲಿ ಎಂಬುದು ಅದಕ್ಕೆ ಕೊಟ್ಟ ಕಾರಣ. ಆ ತಿಂಗಳ 28ಕ್ಕೆ 18 ಸಾವಿರಕ್ಕೂ ಹೆಚ್ಚು ಸರಕಾರಿ ನೌಕರರು ಒಂದೇ ದಿನ ಮನೆಗೆ ಹೋದರು. ಸಾರ್ವಜನಿಕ ಉದ್ಯಮಗಳಲ್ಲಿದ್ದ ಸುಮಾರು 10 ಸಾವಿರ ಜನ ಬೇರೆ. ಮೇಷ್ಟ್ರ ತಂದೆಗೆ ಆಗ 56. ಇಪ್ಪತ್ತು ದಿನಗಳ ನೋಟೀಸಿನಲ್ಲಿ ಮುದುಕರಾಗಿಬಿಟ್ಟರು. ಮಗಳ ಮದುವೆ ಆಗಿರಲಿಲ್ಲ.

1984ರ ಆಗಸ್ಟ್‌ನಲ್ಲಿ ರಾಮರಾವ್ ಸರಕಾರ ಬಿದ್ದು ಭಾಸ್ಕರರಾವ್ ಒಂದು ತಿಂಗಳು ಮುಖ್ಯಮಂತ್ರಿಯಾದರಲ್ಲ, ಆಗ 23ನೇ ತಾರೀಕಿನ ಸುಗ್ರೀವಾಜ್ಞೆಯಲ್ಲಿ ಮತ್ತೆ 58 ಆಯಿತು. 1985ರ ಜನವರಿಯಲ್ಲಿ ಸುಪ್ರೀಂ ಕೋರ್ಟು 55ಕ್ಕೆ ಇಳಿಸಿದ್ದು ತಪ್ಪಲ್ಲ ಎಂದಿತು. ಅದೇ ವರ್ಷದ ಇನ್ನೊಂದು ತೀರ್ಪಿನಲ್ಲಿ ನಡುವೆ ಸಿಕ್ಕಿಹಾಕಿಕೊಂಡವರಿಗೂ 58ರ ಲಾಭ ಸಿಗಬೇಕು ಎಂದಿತು. ಆ ಹೊತ್ತಿಗೆ ಮೇಷ್ಟ್ರ ತಂದೆ 58 ದಾಟಿದ್ದರು. ಶಾಲೆಗೆ ಮರಳಿ ಹೋಗಲು ಶಾಲೆಯಲ್ಲಿ ಜಾಗವೂ ಇರಲಿಲ್ಲ, ಅವರಲ್ಲಿ ವಯಸ್ಸೂ ಇರಲಿಲ್ಲ.

ಈಗ ಆಂಧ್ರದಲ್ಲಿ ನಿವೃತ್ತಿ ವಯಸ್ಸು 62. 2014ರಲ್ಲಿ 60 ಮಾಡಿದರು, 2022ರಲ್ಲಿ 62. ಕರ್ನಾಟಕದಲ್ಲಿ 2008ರವರೆಗೆ 58, ಆಮೇಲೆ 60. ಕೇರಳದಲ್ಲಿ ಬಹುಕಾಲ 55, 2012ರಲ್ಲಿ ಹಳೆಯ ಪಿಂಚಣಿಯವರಿಗೆ 56 ಆಯಿತು. ಹಾಗಾಗಿ ಮಂಜೇಶ್ವರದ ಶಾಲೆಯಲ್ಲಿ 56ಕ್ಕೆ ಹಾರ ಹಾಕಿಸಿಕೊಂಡ ಮೇಷ್ಟ್ರ ತಲಪಾಡಿಯಾಚೆಯ ಭಾವ 60ರವರೆಗೆ ಚಾಕ್‌ಪೀಸ್ ಹಿಡಿಯುತ್ತಾನೆ. ರಾಯದುರ್ಗದವನಾದರೆ ಇನ್ನೂ ಎರಡು ವರ್ಷ. ಒಂದೇ ಬ್ಯಾಚಿನ ಬೇರಿಂಗಿಗೆ ಮೂರು ಫ್ಯಾಕ್ಟರಿಗಳು ಮೂರು ಎಕ್ಸ್‌ಪೈರಿ ಬರೆದ ಹಾಗೆ.

ನಿವೃತ್ತಿಯಾದ ಮೇಲೆ ಏನು ಎಂಬುದಕ್ಕೆ ಎರಡೂ ಗಡಿಗಳಲ್ಲಿ ದೊಡ್ಡ ಉದಾಹರಣೆಗಳಿವೆ. ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು 1893ರಲ್ಲಿ ಹುಟ್ಟಿದ್ದು ಇದೇ ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ ಕಡೆಯ ಹಳ್ಳಿಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಮೇಷ್ಟ್ರು. ಕನ್ನಡದಲ್ಲಿ ‘ಗಾನಕಲೆ’ ಬರೆದವರು. 1949ರಲ್ಲಿ ಅಲ್ಲಿಂದ ನಿವೃತ್ತರಾದ ಮೇಲೆ ತಿರುಪತಿಗೆ ಹೋಗಿ, ತಾಮ್ರದ ಹಲಗೆಗಳಲ್ಲಿ ರಾಗದ ಹೆಸರು ಮಾತ್ರ ಉಳಿದಿದ್ದ ಅನ್ನಮಾಚಾರ್ಯರ ಹಾಡುಗಳಿಗೆ ಸ್ವರ ಹಾಕಿದರು. ಜಗತ್ತು ಇವತ್ತು ಅವರನ್ನು ನೆನೆಯುವುದು ಪಿಂಚಣಿ ಕಾಲದ ಆ ಕೆಲಸಕ್ಕೆ. ನಮ್ಮ ಕಡೆ ಕಯ್ಯಾರ ಕಿಞ್ಞಣ್ಣ ರೈಗಳು. ಅಧ್ಯಾಪಕ ವೃತ್ತಿ ಮುಗಿದ ಮೇಲೂ ಬದಿಯಡ್ಕದ ಪೆರಡಾಲದಲ್ಲಿ ಕೃಷಿ ಮಾಡಿದರು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೇಳುತ್ತಲೇ ಇದ್ದರು. 2015ರ ಆಗಸ್ಟ್ 9ರಂದು ನೂರು ತುಂಬಿದ ಮೇಲೆ ಹೋದರು. ಆತ್ಮಕಥೆಗೆ ಇಟ್ಟ ಹೆಸರು ‘ದುಡಿತವೇ ನನ್ನ ದೇವರು’.

ಇಬ್ಬರೂ ಮೇಷ್ಟ್ರುಗಳು ಎಂಬುದನ್ನು ಗಮನಿಸಿ. ಒಂದನೇ ತಾರೀಕಿಗೆ ಏನಾದರೂ ಬರುತ್ತದೆ ಎಂಬ ಧೈರ್ಯ ಇದ್ದವರು.

ಈಗ ಅಂಗಡಿಗೆ ಬರುತ್ತೇನೆ. ನಮ್ಮದು ವಿಟ್ಲ ಕಡೆಯ ಒಂದು ರಸ್ತೆಬದಿಯ ದಿನಸಿ ಅಂಗಡಿ. ತೊಂಬತ್ತರ ದಶಕದಲ್ಲಿ ನಾನು ಬೆಳೆದದ್ದು ಅಲ್ಲಿ. ಬೆಳಿಗ್ಗೆ ಮದರಸ, ಆಮೇಲೆ ಶಾಲೆ, ಸಂಜೆ ಅಂಗಡಿ. ಮಾಡಿನಿಂದ ನೇತಾಡುವ ನೂಲಿನ ಉಂಡೆ, ಹಳೆ ಪೇಪರಿನ ಪೊಟ್ಟಣ, ಕುಚ್ಚಲಕ್ಕಿಯ ಗೋಣಿ, ಬೆಲ್ಲದ ಡಬ್ಬಿಯ ಸುತ್ತ ನೊಣ. ಅರ್ಧ ಕಿಲೋ ಸಕ್ಕರೆ ಕಟ್ಟಿ ನೂಲನ್ನು ಬೆರಳಿಂದಲೇ ತುಂಡರಿಸುವುದನ್ನು ಬಾಪ ಕಲಿಸಿದ್ದರು. ಡಿಪ್ಲೊಮಾದಲ್ಲಿ ಟೆನ್ಸೈಲ್ ಸ್ಟ್ರೆಂಗ್ತ್ ಪಾಠ ಬಂದಾಗ ನನಗೆ ನೆನಪಾದದ್ದು ಆ ನೂಲು.

ಆ ಅಂಗಡಿ ನಡೆದದ್ದು ಕಡದ ಪುಸ್ತಕದ ಮೇಲೆ. ಕಡದ ಪುಸ್ತಕ ನಡೆದದ್ದು ಬೀಡಿಯ ಮೇಲೆ. ಇದನ್ನು ನಮ್ಮ ಚರಿತ್ರೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು ಎಂದು ನನಗೆ ಅನಿಸುತ್ತದೆ. ಗಂಡಸರು ಮೀನು, ಅಡಿಕೆ, ಗುಜರಿ, ಗಲ್ಫ್ ಎಂದು ತಿರುಗುತ್ತಿದ್ದರು. ಆ ದುಡ್ಡು ಬಂದರೆ ಬಂತು. ವಾರವಾರ ತಪ್ಪದೆ ಬರುತ್ತಿದ್ದದ್ದು ಹೆಂಗಸರ ಬೀಡಿ ಮಜೂರಿ. ಬ್ರ್ಯಾಂಚಿನಲ್ಲಿ ಮಜೂರಿ ಕೊಟ್ಟ ಸಂಜೆ ನಮ್ಮ ಪುಸ್ತಕದಲ್ಲಿ ಗೆರೆ ಎಳೆಯುವ ಕೆಲಸ ನನಗೆ. ಉಮ್ಮ ಕೂಡ ಮದುವೆಯಾಗಿ ಬಂದಲ್ಲಿಂದ ಬೀಡಿ ಕಟ್ಟಿದವರೇ. ಎಲೆ, ಹೊಗೆಸೊಪ್ಪು, ನೂಲು, ಮಡಿಲಲ್ಲಿ ಸೂಪು. ಮಕ್ಕಳ ಜ್ವರ, ನೆಂಟರ ಮದುವೆ ಯಾವುದಕ್ಕೂ ಆ ಸೂಪು ಕೆಳಗಿಳಿದದ್ದು ನಾನು ಕಂಡಿಲ್ಲ.

ಬೀಡಿ ಉದ್ಯಮಕ್ಕೆ ಭವಿಷ್ಯನಿಧಿ ಬಂದದ್ದು 1977ರಲ್ಲಿ. 1995ರ ನವೆಂಬರ್ 16ರಿಂದ ಅದಕ್ಕೆ ನೌಕರರ ಪಿಂಚಣಿ ಯೋಜನೆ ಸೇರಿತು. ಹತ್ತು ವರ್ಷ ಸೇವೆ ಇದ್ದರೆ 58ಕ್ಕೆ ಪಿಂಚಣಿ. 2014ರ ಸೆಪ್ಟೆಂಬರಿನಿಂದ ಕನಿಷ್ಠ ಒಂದು ಸಾವಿರ ರೂಪಾಯಿ. ಉಮ್ಮನಿಗೆ 2016ರಲ್ಲಿ 58 ತುಂಬಿತು. ಈಗ ತಿಂಗಳಿಗೆ ಸಾವಿರದ ಚಿಲ್ಲರೆ ಬರುತ್ತದೆ. ಗ್ಯಾಸ್ ಸಿಲಿಂಡರು ತರಿಸಿ ಉಳಿದದ್ದರಲ್ಲಿ ಒಂದು ವಾರದ ಮೀನೂ ಆಗಲಿಕ್ಕಿಲ್ಲ. ಆದರೂ ಲೆಕ್ಕ ನೋಡಿ: ಊರೆಲ್ಲ ‘ಅಂಗಡಿಯವರ ಮನೆ’ ಎಂದು ಕರೆಯುವ ನಮ್ಮ ಮನೆಯಲ್ಲಿ ಕಾನೂನು ಪ್ರಕಾರ ನಿವೃತ್ತರಾದವರು ಒಬ್ಬರೇ, ಅದು ಉಮ್ಮ. ಯಜಮಾನನಿಗೆ ಏನೂ ಇಲ್ಲ.

ಬಾಪನಿಗೆ ಈಗ 71. ಸಣ್ಣ ವ್ಯಾಪಾರಿಗಳಿಗೆ ಪಿಂಚಣಿ ಎಂದು ಕೇಂದ್ರ ಸರಕಾರ 2019ರಲ್ಲಿ ಒಂದು ಯೋಜನೆ ತಂದಿತು. ಪ್ರಧಾನ ಮಂತ್ರಿ ಲಘು ವ್ಯಾಪಾರಿ ಮಾನ್‌ಧನ್. ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು, ಅಷ್ಟೇ ಸರಕಾರ ಹಾಕುತ್ತದೆ, 60 ಆದ ಮೇಲೆ ತಿಂಗಳಿಗೆ 3000. ಆದರೆ ಸೇರಲು ವಯಸ್ಸು 18ರಿಂದ 40 ಮಾತ್ರ. ಅಂದರೆ ಈಗಾಗಲೇ ಮುದುಕರಾದ ವ್ಯಾಪಾರಿಗಳಿಗೆ ಅದರಲ್ಲಿ ಜಾಗವೇ ಇಲ್ಲ. ಸಂಧ್ಯಾ ಸುರಕ್ಷಾದ 1200 ರೂಪಾಯಿಗೆ ಬಾಪ ಅರ್ಜಿ ಹಾಕಲಿಲ್ಲ. ಅಂಗಡಿ ತೆರೆದಿಟ್ಟುಕೊಂಡು ಅದಕ್ಕೆ ಕೈ ಚಾಚುವುದೇ ಎಂದರು. ಬೆಳುಗುಪ್ಪದಲ್ಲಿ ಒಂದನೇ ತಾರೀಕು ಬೆಳಿಗ್ಗೆ ಸಚಿವಾಲಯದ ಹುಡುಗಿ ಮನೆಮನೆಗೆ ಬಂದು ಬಡ ಮುದುಕರ ಹೆಬ್ಬೆಟ್ಟು ಒತ್ತಿಸಿಕೊಂಡು 4000 ರೂಪಾಯಿ ಕೊಟ್ಟು ಹೋಗುತ್ತಾಳೆ. 2024ರ ಜುಲೈಯಿಂದ ಅಲ್ಲಿ ಅಷ್ಟು. ಕನ್ನಡದ ಜಿಲ್ಲೆ ಬಿಟ್ಟುಹೋದದ್ದಕ್ಕೆ ಈಗಲೂ ಬೇಜಾರು ಉಂಟಾ ಎಂದು ಮೇಷ್ಟ್ರನ್ನು ಕೇಳಿದೆ. ನಕ್ಕರು. “ಈ ನಾಲ್ಕು ಸಾವಿರದ ಮುದುಕ್ರನ್ನ ಕೇಳು ಹೋಗು, ವಾಪಸ್ ಬಳ್ಳಾರಿಗೆ ಬರ್ತೀರೇನು ಅಂತ. ಕೋಲು ತಗೊಂಡು ಬರ್ತಾರೆ.”

ಅಣ್ಣ ಜುಬೈಲಿನಲ್ಲಿದ್ದಾನೆ. ಅಂಗಡಿ ಕೊಟ್ಟುಬಿಡಿ, ಖರ್ಚು ನಾವು ನೋಡಿಕೊಳ್ಳುತ್ತೇವೆ ಎಂದು ಇಬ್ಬರೂ ಹೇಳಿ ಎರಡು ವರ್ಷ ಆಯಿತು. ಬಾಪ ಹೂಂ ಎನ್ನುವುದಿಲ್ಲ. ಈಗ ಆ ಅಂಗಡಿಗೆ ದಿನಕ್ಕೆ ಹತ್ತಿಪ್ಪತ್ತು ಗಿರಾಕಿಗಳು ಬಂದರೆ ಹೆಚ್ಚು, ಪೇಟೆಯಲ್ಲಿ ಮಾರ್ಟ್‌ಗಳಿವೆ. ಲಾಭಕ್ಕಿಂತ ಕರೆಂಟ್ ಬಿಲ್ಲು ದೊಡ್ಡದು. ಆದರೆ ಮಕ್ಕಳ ಕೈಯಿಂದ ದುಡ್ಡು ತೆಗೆದುಕೊಳ್ಳುವುದಕ್ಕೂ ತನ್ನ ಗಲ್ಲಾದಿಂದ ತೆಗೆಯುವುದಕ್ಕೂ ಇರುವ ವ್ಯತ್ಯಾಸ ಬಾಪನಿಗೆ ಗೊತ್ತಿದೆ. ನಾನು ಅದನ್ನು ಹಠ ಎಂದುಕೊಂಡಿದ್ದೆ ಎಂದು ಯಾರೂ ತಿಳಿಯಬೇಡಿ, ನನಗೂ ಅದು ಗೊತ್ತು. ನಾನು ಹತ್ತುವ ಗಾಳಿಯಂತ್ರಕ್ಕೆ ಆಯುಸ್ಸು 20ರಿಂದ 25 ವರ್ಷ ಎಂದು ತಯಾರಿಸುವಾಗಲೇ ಲೆಕ್ಕ ಹಾಕಿಟ್ಟಿರುತ್ತಾರೆ. ಬಾಪನ ಅಂಗಡಿಗೆ ಹಾಗೆ ಯಾರೂ ಹಾಕಲಿಲ್ಲ.

ಓದುವ ಮನೆಯವರಿಗೆ ಎರಡು ಮಾತು. ನಿಮ್ಮ ಮನೆಯಲ್ಲಿ 40 ತುಂಬದ ಅಂಗಡಿಯವರಿದ್ದು, ಅವರು ಆದಾಯ ತೆರಿಗೆ ಕಟ್ಟುವವರೂ ಪಿ.ಎಫ್. ಇರುವವರೂ ಅಲ್ಲದಿದ್ದರೆ ಆ ಮಾನ್‌ಧನ್ ಬಗ್ಗೆ ಸಿ.ಎಸ್.ಸಿ. ಕೇಂದ್ರದಲ್ಲಿ ವಿಚಾರಿಸಿ. ಬೀಡಿ ಕಟ್ಟಿದ ಉಮ್ಮ, ಅಜ್ಜಿಯಂದಿರ ಪಿ.ಎಫ್. ಕಾಗದ ಯಾವ ಟ್ರಂಕಿನ ಅಡಿಯಲ್ಲಿದೆ ಎಂದು ಹುಡುಕಿ. ಹೆಸರಿನ ಒಂದು ಅಕ್ಷರ ಆಧಾರಿಗೆ ಹೊಂದದೆ ಪಿಂಚಣಿ ನಿಂತಿರುವ ಹೆಂಗಸರು ನಮ್ಮ ಊರಿನಲ್ಲೇ ಇದ್ದಾರೆ. ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಎಂಬ ಪ್ರಮಾಣಪತ್ರ ಕೊಡಬೇಕು. ಹೋದ ಸಲ ಉಮ್ಮನ ಹೆಬ್ಬೆಟ್ಟು ಯಂತ್ರದಲ್ಲಿ ಬೀಳಲಿಲ್ಲ. ಎಲೆ ಸುರುಟಿ ಸುರುಟಿ ಬೆರಳಿನ ಗೆರೆ ಸವೆದು ಹೋಗಿತ್ತು. ಮೂರನೇ ದಿನ ಉಂಗುರ ಬೆರಳು ಇಟ್ಟಾಗ ಹಸಿರು ದೀಪ ಬಂತು.