ಕಡೆಯ ಬೊಕ್ಕಸದ ಕಾವಲು: ವಾಲ್ಟರ್ ಬ್ಯಾಜಟ್

ಬ್ಯಾಂಕು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು ಒಂದು ಕಬ್ಬಿಣದ ಪೆಟ್ಟಿಗೆ. ನಾವು ಇಟ್ಟ ಹಣ ಅದರೊಳಗೆ ಭದ್ರವಾಗಿ ಕುಳಿತಿದೆ, ಕೇಳಿದಾಗ ಗುಮಾಸ್ತನು ಅದನ್ನೇ ಎಣಿಸಿ ಕೊಡುವನು ಎಂದು ನಾವು ನಂಬಿರುತ್ತೇವೆ. ವಾಸ್ತವವಾಗಿ ಆ ಹಣದ ಬಹುಭಾಗವು ಪೆಟ್ಟಿಗೆಯಲ್ಲಿರುವುದಿಲ್ಲ. ವರ್ತಕನ ಸರಕಾಗಿ, ಗಿರಣಿಯ ಯಂತ್ರವಾಗಿ ಊರೂರು ತಿರುಗುತ್ತಿರುತ್ತದೆ. ಇಟ್ಟವರೆಲ್ಲರೂ ಒಂದೇ ದಿನ ಬಂದು ಕೇಳಲಾರರೆಂಬ ನಂಬಿಕೆಯೊಂದರ ಮೇಲೆ ಈ ಸೌಧವೆಲ್ಲವೂ ನಿಂತಿದೆ. ಹಾಗೆ ಎಲ್ಲರೂ ಒಂದೇ ದಿನ ಬಂದುಬಿಟ್ಟರೆ ಗತಿಯೇನು? ಈ ಪ್ರಶ್ನೆಗೆ ಸಾಮಾನ್ಯ ವಾಚಕರಿಗೂ ತಿಳಿಯುವಂತೆ ಉತ್ತರ ಬರೆದವನು ಇಂಗ್ಲೆಂಡಿನ ವಾಲ್ಟರ್ ಬ್ಯಾಜಟ್ಟನು. ಅವನ ಜೀವಿತವನ್ನೂ ಅವನ ಉತ್ತರವನ್ನೂ ಇಂದು ನಾವು ಸ್ವಲ್ಪ ವಿಚಾರಿಸೋಣ.

ಬ್ಯಾಜಟ್ಟನು ಹುಟ್ಟಿದ್ದು 1826ನೆಯ ಇಸವಿ ಫೆಬ್ರವರಿ 3ರಂದು, ಸಾಮರ್‌ಸೆಟ್ ಪ್ರಾಂತದ ಲ್ಯಾಂಗ್‌ಪೋರ್ಟ್ ಎಂಬ ಸಣ್ಣ ಊರಿನಲ್ಲಿ. ಸ್ಟಕಿ ಎಂಬ ಬ್ಯಾಂಕು ಅವನ ತಾಯಿಯ ಮನೆತನದವರು ಸ್ಥಾಪಿಸಿದ್ದು. ತಂದೆಯು ಅದೇ ಬ್ಯಾಂಕಿನ ಆಡಳಿತಗಾರರಲ್ಲೊಬ್ಬನು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಆಗ ಇದ್ದ ಮತಪರೀಕ್ಷೆಯನ್ನು ತಂದೆಯು ಒಪ್ಪದಿದ್ದುದರಿಂದ ಹುಡುಗನನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಕಳುಹಿಸಲಾಯಿತು. ಅಲ್ಲಿ ಗಣಿತವನ್ನೂ ತತ್ತ್ವಶಾಸ್ತ್ರವನ್ನೂ ಓದಿ, ಬಳಿಕ ನ್ಯಾಯಶಾಸ್ತ್ರವನ್ನೂ ಮುಗಿಸಿದನು. ಆದರೆ 1852ರಲ್ಲಿ ವಕೀಲಿಯನ್ನು ಬಿಟ್ಟು ಊರಿಗೆ ಹಿಂದಿರುಗಿ ಮನೆತನದ ಬ್ಯಾಂಕಿನಲ್ಲಿ ಕುಳಿತನು. ಲೆಕ್ಕದ ಪುಸ್ತಕಗಳ ನಡುವೆ ಕಳೆದ ಆ ವರ್ಷಗಳು ವ್ಯರ್ಥವಾಗಲಿಲ್ಲ. ಸಾಲ ಕೇಳಲು ಬಂದವನ ಮುಖ, ಇಡುಗಂಟು ಹಿಂದಕ್ಕೆ ಕೇಳಲು ಬಂದವನ ಅಂಜಿಕೆ, ಇವೆರಡನ್ನೂ ಅವನು ಕಣ್ಣಾರೆ ಕಂಡನು. ಅವನ ಅರ್ಥಶಾಸ್ತ್ರಕ್ಕೆ ಮನುಷ್ಯಸ್ವಭಾವದ ವಾಸನೆ ಬಂದದ್ದು ಇಲ್ಲಿಂದಲೇ ಎಂದು ನಾವು ಊಹಿಸಬಹುದು.

1858ರಲ್ಲಿ ಅವನು ಜೇಮ್ಸ್ ವಿಲ್ಸನ್ನನ ಮಗಳಾದ ಎಲೈಜಳನ್ನು ಮದುವೆಯಾದನು. 1843ರಲ್ಲಿ ‘ಎಕಾನಮಿಸ್ಟ್’ ಪತ್ರಿಕೆಯನ್ನು ಸ್ಥಾಪಿಸಿದವನು ಈ ವಿಲ್ಸನ್ನನು. ನಮ್ಮ ದೇಶಕ್ಕೂ ಇವನ ಹೆಸರು ಅಪರಿಚಿತವಲ್ಲ. ದಂಗೆಯ ತರುವಾಯ ಬರಿದಾಗಿದ್ದ ಭಾರತ ಸರ್ಕಾರದ ಬೊಕ್ಕಸವನ್ನು ಸರಿಪಡಿಸಲು 1859ರಲ್ಲಿ ಹಣಕಾಸಿನ ಸದಸ್ಯನಾಗಿ ಇಲ್ಲಿಗೆ ಬಂದು, ಆದಾಯ ತೆರಿಗೆಯನ್ನು ಮೊದಲು ವಿಧಿಸಿ, 1860ರ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡನು. ಮಾವನ ಪತ್ರಿಕೆಯ ಹೊಣೆ ಅಳಿಯನ ಮೇಲೆ ಬಿತ್ತು. 1861ರಿಂದ ತನ್ನ ಮರಣದವರೆಗೂ ಬ್ಯಾಜಟ್ಟನೇ ಅದರ ಸಂಪಾದಕನು.

ಆ ಕಾಲದ ಲಂಡನ್ನು ಲೋಕದ ಹಣದ ಪೇಟೆ. ಲೆಕ್ಕವನ್ನು ಪ್ರಕಟಿಸುತ್ತಿದ್ದ ಬ್ಯಾಂಕುಗಳ ಇಡುಗಂಟುಗಳನ್ನು 1873ರ ಸುಮಾರಿಗೆ ಅವನು ಹೋಲಿಸಿ ನೋಡಿದನು. ಲಂಡನ್ನಿನಲ್ಲಿ 12 ಕೋಟಿ ಪೌಂಡು. ನ್ಯೂಯಾರ್ಕಿನಲ್ಲಿ 4 ಕೋಟಿ. ಪ್ಯಾರಿಸ್ಸಿನಲ್ಲಿ 1 ಕೋಟಿ 30 ಲಕ್ಷ. ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ 80 ಲಕ್ಷ. ಇಷ್ಟು ದೊಡ್ಡ ವ್ಯವಹಾರಕ್ಕೆ ಆಧಾರವಾಗಿ ಇದ್ದ ನಗದು ಎಲ್ಲಿ? ಊರಿನ ಬ್ಯಾಂಕುಗಳು ತಮ್ಮ ಉಳಿಕೆಯನ್ನು ಲಂಡನ್ನಿನ ಬ್ಯಾಂಕುಗಳಲ್ಲಿಡುತ್ತಿದ್ದವು. ಅವು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿಡುತ್ತಿದ್ದವು. ಹೀಗೆ ಎಲ್ಲ ಹೊಳೆಗಳೂ ಸೇರಿ ಒಂದೇ ಕೆರೆ. ಆ ಕೆರೆಯ ಕಾವಲುಗಾರರಾದರೋ ಪಾಲುದಾರರಿಗೆ ಲಾಭ ಹಂಚಬೇಕಾದ ಒಂದು ಖಾಸಗಿ ಕಂಪೆನಿಯ ಡೈರೆಕ್ಟರುಗಳು. ಅವರು ವರ್ತಕರು; ಸರದಿಯ ಪ್ರಕಾರ ಎರಡೆರಡು ವರ್ಷ ಗವರ್ನರಾಗಿರುತ್ತಿದ್ದರು. ನಾಡಿನ ಕಡೆಯ ಬೊಕ್ಕಸ ತಮ್ಮ ಕೈಯಲ್ಲಿದೆಯೆಂದು ಅವರು ಬಾಯಿಬಿಟ್ಟು ಒಪ್ಪಿಕೊಂಡಿರಲಿಲ್ಲ.

ಪರೀಕ್ಷೆಯ ದಿನ ಬಂದದ್ದು 1866ರ ಮೇ 10ರಂದು. ಓವರೆಂಡ್ ಗರ್ನಿ ಎಂಬುದು ಲಂಬಾರ್ಡ್ ಬೀದಿಯ ಮೂಲೆಯಲ್ಲಿದ್ದ ದೊಡ್ಡ ಅಂಗಡಿ. ವರ್ತಕರ ಹುಂಡಿಗಳನ್ನು ವಟ್ಟಕ್ಕೆ ಕೊಳ್ಳುವುದು ಅದರ ಕಸುಬು. ಪ್ರತಿಷ್ಠೆಯಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಎರಡನೆಯದೆಂದು ಜನರ ಎಣಿಕೆ. ಹಳೆಯ ಯಜಮಾನರು ಹೋದ ಬಳಿಕ ಅದು ಕಸುಬು ಬಿಟ್ಟು ಹಡಗು, ರೈಲುಗಳಲ್ಲಿ ಹಣ ಹೂಡಿ ಕೆಟ್ಟಿತ್ತು. 1865ರಲ್ಲಿ ಕಂಪೆನಿಯಾಗಿ ಮಾರ್ಪಟ್ಟು ಹೊಸ ಪಾಲುದಾರರನ್ನು ಸೇರಿಸಿಕೊಂಡಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡಿನ ನೆರವನ್ನು ಬೇಡಿದಾಗ, ಲೆಕ್ಕವನ್ನು ಪರಿಶೀಲಿಸಿದವರು ಒಳಗೆ ಹುರುಳಿಲ್ಲವೆಂದರು, ನೆರವು ದೊರೆಯಲಿಲ್ಲ. ಆ ಮಧ್ಯಾಹ್ನ ಬಾಗಿಲು ಮುಚ್ಚಿತು. ಮರುದಿನ ಶುಕ್ರವಾರ ಜನ ಬೀದಿ ತುಂಬಿ ಎಲ್ಲ ಬ್ಯಾಂಕುಗಳ ಬಾಗಿಲನ್ನೂ ಮುತ್ತಿದರು. ಕೆಟ್ಟ ಅಂಗಡಿ ಯಾವುದು, ಒಳ್ಳೆಯದು ಯಾವುದು ಎಂದು ವಿಚಾರಿಸುವ ತಾಳ್ಮೆ ಯಾರಿಗೂ ಉಳಿಯಲಿಲ್ಲ.

ಕೆಟ್ಟ ಅಂಗಡಿಗೆ ಕೈಯೆತ್ತಿ ಕೊಡದ ಬ್ಯಾಂಕು ಪೇಟೆಯ ಮಿಕ್ಕವರಿಗೆ ಧಾರಾಳವಾಗಿ ಕೊಟ್ಟಿತು. ಆ ಒಂದು ದಿನದಲ್ಲಿ ಅದು ಕೊಟ್ಟ ಸಾಲ 40 ಲಕ್ಷ ಪೌಂಡಿಗೂ ಮಿಗಿಲು. ಚಿನ್ನದ ಆಧಾರವಿಲ್ಲದೆ ಇಂತಿಷ್ಟಕ್ಕಿಂತ ಹೆಚ್ಚು ನೋಟು ಹೊರಡಿಸಕೂಡದೆಂಬ 1844ರ ಕಾನೂನನ್ನು ಬೇಕಾದರೆ ಮೀರಬಹುದೆಂದು ಸರ್ಕಾರವು ಕಾಗದ ಕಳುಹಿಸಿತು. ಬಡ್ಡಿಯು ನೂರಕ್ಕೆ 10ಕ್ಕೆ ಏರಿತು. ಸೋಜಿಗವೆಂದರೆ, ಅನುಮತಿ ಬಂದಿತೆಂಬ ಸುದ್ದಿಯೇ ಭೀತಿಯ ಉಬ್ಬರವನ್ನು ಇಳಿಸಿತು. ಕಾನೂನನ್ನು ಮೀರುವ ಪ್ರಸಂಗವೇ ಒದಗಲಿಲ್ಲ.

ಬ್ಯಾಜಟ್ಟನು ಪತ್ರಿಕೆಯಲ್ಲಿ ಹಿಡಿದ ವಾದ ಇದರ ಮೇಲೆ ನಿಂತಿತು. ಬ್ಯಾಂಕು ಮಾಡಿದ್ದು ಸರಿ. ಆದರೆ ಮುಂದೆಯೂ ಹೀಗೆಯೇ ಮಾಡುವೆನೆಂದು ಮೊದಲೇ ಹೇಳಿಡಬೇಕು. ದೊರೆಯುವುದೋ ಇಲ್ಲವೋ ಎಂಬ ಸಂದೇಹವೇ ಭೀತಿಯ ಬೀಜ, ಎಂದನು. ಹಿಂದೆ ಗವರ್ನರಾಗಿದ್ದ ಥಾಮ್ಸನ್ ಹ್ಯಾಂಕಿಯು ಇದನ್ನು ಬಲವಾಗಿ ಖಂಡಿಸಿದನು. ಯಾರು ಎಡವಿದರೂ ಎತ್ತುವ ಕೈಯೊಂದು ಸದಾ ಸಿದ್ಧವಾಗಿದ್ದರೆ, ತಮ್ಮ ನಗದನ್ನು ತಾವೇ ಕಾದಿಟ್ಟುಕೊಳ್ಳುವ ಎಚ್ಚರ ಯಾವ ಬ್ಯಾಂಕಿಗೆ ಉಳಿಯುವುದು ಎಂಬುದು ಅವನ ಆಕ್ಷೇಪದ ಸಾರ. ಈ ಆಕ್ಷೇಪವು ಸಣ್ಣದಲ್ಲವೆಂದು ನಾವು ಒಪ್ಪಬೇಕು.

1873ರಲ್ಲಿ ಪ್ರಕಟವಾದ ‘ಲಂಬಾರ್ಡ್ ಸ್ಟ್ರೀಟ್’ ಎಂಬ ಗ್ರಂಥದಲ್ಲಿ ಬ್ಯಾಜಟ್ಟನು ತನ್ನ ನಿಯಮಗಳನ್ನು ಕ್ರಮಪಡಿಸಿದನು. ಭೀತಿ ಹಬ್ಬಿದಾಗ ಕಡೆಯ ಬೊಕ್ಕಸದವರು ತಡಮಾಡದೆ, ಕೈಬಿಗಿಹಿಡಿಯದೆ ಸಾಲ ಕೊಡಬೇಕು. ಬಡ್ಡಿ ಮಾತ್ರ ಮೇಲ್ಮಟ್ಟದಲ್ಲಿರಬೇಕು. ಅದರಿಂದ ಬರಿಯ ಅಂಜಿಕೆಗೆ ಕೇಳುವವರು ದೂರವಾಗುವರು. ಸಮಾಧಾನದ ಕಾಲದಲ್ಲಿ ಒಳ್ಳೆಯದೆನಿಸುವ ಯಾವ ಒತ್ತೆಯನ್ನೂ ನಿರಾಕರಿಸಬಾರದು. ಬುಡವೇ ಇಲ್ಲದವನಿಗೆ ಕೊಡಲೂಬಾರದು. ಇದನ್ನು ಮೊದಲು ಕಂಡವನು ಅವನೇ ಅಲ್ಲ. 1802ರಲ್ಲಿಯೇ ಹೆನ್ರಿ ಥಾರ್ನ್‌ಟನ್ನನು ಇಂಥ ವಿಚಾರವನ್ನು ಬರೆದಿದ್ದನು. ಅದನ್ನು ಸಾರ್ವಜನಿಕ ಕರ್ತವ್ಯವೆಂದು ಪೇಟೆಯ ಮಧ್ಯದಲ್ಲಿ ನಿಂತು ಸಾರಿದುದು ಬ್ಯಾಜಟ್ಟನ ಹೆಗ್ಗಳಿಕೆ. 1877ರಲ್ಲಿ ಇಂಗ್ಲೆಂಡಿನ ಸರ್ಕಾರಕ್ಕೆ ಟ್ರೆಷರಿ ಬಿಲ್ಲುಗಳ ಉಪಾಯವನ್ನು ಸೂಚಿಸಿ, ಆ ವರ್ಷವೇ ಮಾರ್ಚ್ 24ರಂದು, 51ನೆಯ ವಯಸ್ಸಿನಲ್ಲಿ, ಹುಟ್ಟಿದೂರಿನಲ್ಲಿಯೇ ಕಾಲವಾದನು.

ಹ್ಯಾಂಕಿಯ ಆಕ್ಷೇಪಕ್ಕೆ ಅವನು ಪೂರ್ತಿ ಸಮಾಧಾನ ಹೇಳಿದನೆ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಒತ್ತೆ ಒಳ್ಳೆಯದೋ, ಬ್ಯಾಂಕಿಗೆ ಬುಡವುಂಟೋ ಎಂದು ಗದ್ದಲದ ಮಧ್ಯೆ ಅಳೆಯುವುದು ಕಷ್ಟ. ಶಾಂತಕಾಲದಲ್ಲಿ ಲೆಕ್ಕ ನೋಡುವ ಅಧಿಕಾರಿ ಬೇಕು. ಆ ಅರ್ಧವನ್ನು ಮುಂದಿನವರು ಕಟ್ಟಿದರು. ನಮ್ಮಲ್ಲಿ 1935ರಲ್ಲಿ ರಿಸರ್ವ್ ಬ್ಯಾಂಕು ಬಂದಿತು. 1949ರ ಕಾನೂನು ಅದಕ್ಕೆ ತನಿಖೆಯ ವಿಶಾಲವಾದ ಅಧಿಕಾರವನ್ನು ಕೊಟ್ಟಿತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿದ ಮೇಲೆ, 1962ರಿಂದ ಇಡುಗಂಟಿಗೆ ವಿಮೆಯೂ ಆಯಿತು. ಮೊದಲಿಗೆ 1,500 ರೂಪಾಯಿಯವರೆಗೆ, 2020ರಿಂದ 5 ಲಕ್ಷದವರೆಗೆ.

ಇಷ್ಟಾದರೂ 2007ರ ಸೆಪ್ಟೆಂಬರಿನಲ್ಲಿ, ಬ್ಯಾಜಟ್ಟನ ದೇಶದಲ್ಲಿಯೇ, ನಾರ್ದರ್ನ್ ರಾಕ್ ಬ್ಯಾಂಕಿನ ಬಾಗಿಲಲ್ಲಿ ಜನ ಸಾಲುಗಟ್ಟಿದರು. ಬ್ಯಾಂಕ್ ಆಫ್ ಇಂಗ್ಲೆಂಡು ನೆರವು ಕೊಡುವುದೆಂಬ ಸುದ್ದಿಯಿಂದ ಧೈರ್ಯ ಬರಲಿಲ್ಲ. ನೆರವು ಬೇಕಾಯಿತೆಂಬುದೇ ಅಂಜಿಕೆಗೆ ಕಾರಣವಾಯಿತು. ಇಡುಗಂಟಿಗೆಲ್ಲ ತಾನೇ ಹೊಣೆಯೆಂದು ಸರ್ಕಾರವು ಹೇಳಿದ ಮೇಲೆಯೇ ಸಾಲು ಕರಗಿತು. 1866ರಲ್ಲಿ ಒಂದು ಕಾಗದ ಮಾಡಿದ ಕೆಲಸವನ್ನು ಇಲ್ಲಿ ಒಂದು ವಾಗ್ದಾನ ಮಾಡಿತು. ಆದರೆ ಅಂಥ ವಾಗ್ದಾನದ ಬೆಲೆಯನ್ನು ತೆರುವವರು ತೆರಿಗೆ ಕೊಡುವ ಪ್ರಜೆಗಳು. ಆದುದರಿಂದ ಭೀತಿಯ ದಿನ ಕೈಬಿಚ್ಚಿ ಕೊಡಬೇಕೆಂಬ ಬ್ಯಾಜಟ್ಟನ ಮಾತನ್ನು ಒಪ್ಪುವ ನಾವು, ಶಾಂತಿಯ ದಿನ ಕಣ್ಣು ಬಿಚ್ಚಿ ಲೆಕ್ಕ ನೋಡಿರೆಂದು ಕೇಳುವ ಹಕ್ಕನ್ನೂ ಬಿಟ್ಟುಕೊಡಬಾರದು.