ಡಿಗ್ರಿ ಜೊತೆಗೆ ಚೀನೀ ಭಾಷೆ: ಮೈನರ್‌ನಲ್ಲಿ ಕಲಿಯುವುದೇನು?

ಬಿ.ಕಾಂ.ನಂತಹ ಮುಖ್ಯ ವಿಷಯದ ಜೊತೆ ಚೀನೀ ಭಾಷೆ, ಸಂಸ್ಕೃತಿಯನ್ನು ಮೈನರ್ ಆಗಿ ಓದುವ ಅವಕಾಶ ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿದೆ. ಕಲಿಸುವುದು ಸಾಮಾನ್ಯವಾಗಿ ಮ್ಯಾಂಡರಿನ್.

ಶುರುವಿನಲ್ಲೇ ಕಾಡುವುದು ಸ್ವರದ ಏರಿಳಿತ. ಮುಖ್ಯ ಸ್ವರಗಳು ನಾಲ್ಕು. 'ಮಾಯ್' ಎಂಬುದನ್ನು ತಗ್ಗಿಸಿ ಎತ್ತಿದರೆ 'ಕೊಳ್ಳು', ಮೇಲಿನಿಂದ ಥಟ್ಟನೆ ಇಳಿಸಿದರೆ 'ಮಾರು'! ಗ್ವಾಂಗ್‌ಝೌ, ಯಿವು ಮಾರುಕಟ್ಟೆಗೆ ಹೋಗುವ ವ್ಯಾಪಾರಿ ಇಲ್ಲೇ ಎಡವಿದರೆ ಕಥೆ ಮುಗೀತು. ಉಚ್ಚಾರಣೆ ಕಲಿಯಲು ರೋಮನ್ ಅಕ್ಷರದ ಪಿನ್‌ಯಿನ್ ಇದೆ. 1958ರಲ್ಲಿ ಜಾರಿಗೆ ಬಂದದ್ದು. ಅಷ್ಟಕ್ಕೇ ನಿಂತರೆ ಅಂಗಡಿ ಬೋರ್ಡೂ ಓದಲಾಗದು. ಚೀನೀ ಅಕ್ಷರಗಳನ್ನು ಬರೆದು ಬರೆದೇ ಕಲಿಯಬೇಕು, ಅಡ್ಡದಾರಿ ಇಲ್ಲ.

ಸಂಸ್ಕೃತಿ ಪಾಠವೂ ಬರೀ ಹಬ್ಬ, ಚಹಾದ ಮಾತಲ್ಲ. ಹೋಟೆಲ್ ಬೋರ್ಡಿನ 'ಚಿಂಗ್‌ಝೆನ್' ಎಂದರೆ ಹಲಾಲ್ ಎಂದು ತಿಳಿದಿದ್ದರೆ ಊಟದ ಚಿಂತೆ ಅರ್ಧ ಕಡಿಮೆ. 15ನೇ ಶತಮಾನದಲ್ಲಿ ನೌಕಾಧಿಪತಿ ಝೆಂಗ್ ಹೆ ಜೊತೆ ಬಂದ ದುಭಾಷಿ ಮಾ ಹುವಾನ್ ಕಲ್ಲಿಕೋಟೆಯ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ಇಬ್ಬರೂ ಮುಸ್ಲಿಮರು.

ಮೈನರ್ ಓದಿದ ಮಾತ್ರಕ್ಕೆ ಒಪ್ಪಂದ ಪತ್ರ ಓದಿ ಸಹಿ ಹಾಕುವಷ್ಟು ಭಾಷೆ ಬರುವುದಿಲ್ಲ. ಭಾಷೆಯ ಮಟ್ಟಕ್ಕೆ ಪ್ರಮಾಣಪತ್ರ ಬೇಕಿದ್ದರೆ ಎಚ್‌ಎಸ್‌ಕೆ ಪರೀಕ್ಷೆ ಬೇರೆಯೇ ಬರೆಯಬೇಕು. ಪೂರ್ಣ ವಿಷಯವಾಗಿಯೇ ಓದುವವರಿಗೆ ದಿಲ್ಲಿಯ ಜೆಎನ್‌ಯು ಇದೆ, ಶಾಂತಿನಿಕೇತನದಲ್ಲಿ 1937ರಲ್ಲಿ ಶುರುವಾದ ಚೀನಾ ಭವನವಿದೆ.